ಒಳಗಿನಿಂದ ಚಿಲಕ ಹಾಕಿದ ಅತ್ತೆ

ನನ್ನ ಅತ್ತೆಯ ಎಡಸೊಂಟ ಒಂದಿಷ್ಟು ಹೊರಗೆ ಚಾಚಿಕೊಂಡೇ ಇರುತ್ತಿತ್ತು, ಅಲ್ಲಿ ಕೂಸು ಇದ್ದರೂ ಇಲ್ಲದಿದ್ದರೂ. ತೀರ ಸಣ್ಣ ವಯಸ್ಸಿನಲ್ಲೇ ಹುಬ್ಬಳ್ಳಿಯ ಅರಳೆ ವ್ಯಾಪಾರಿಗಳ ಆ ದೊಡ್ಡ ಮನೆಗೆ ಸೊಸೆಯಾಗಿ ಬಂದು, ಮೈದುನರನ್ನೂ ನೆಗೆಣ್ಣಿಯರ ಮಕ್ಕಳನ್ನೂ ಹೊತ್ತು ಹೊತ್ತು ಮೈ ಹಾಗೆ ನಿಂತುಬಿಟ್ಟಿತ್ತು. ಅವರು ಹೆತ್ತವುಗಳಲ್ಲಿ ಉಳಿದದ್ದು ಒಂದೇ, ನನ್ನ ಗಂಡ.

ಮಾತು ಕಡಿಮೆ. ರೊಟ್ಟಿ ಬಡಿಯುವಾಗ ಮಾತ್ರ ಏನಾದರೂ ಗುನುಗುತ್ತಿದ್ದರು. ಆಯಿಯ ಕೋಲಿನ ಸಪ್ಪಳ ಕೇಳಿದರೆ ಅದೂ ನಿಲ್ಲುತ್ತಿತ್ತು. ಆಯಿ ಎಂದರೆ ಅತ್ತೆಯ ಅತ್ತೆ, ಮನೆಯ ಯಜಮಾನಿತಿ. ಹೆಂಗಸರು ತಲಬಾಗಿಲು ದಾಟಬೇಕಾದರೆ ಅವರ ಅಪ್ಪಣೆ ಬೇಕು. ಉಣ್ಣಲು, ತವರಿಗೆ ಹೋಗಲು, ಅಳಲು ಕೂಡ.

ನನಗೆ ತವರಿರಲಿಲ್ಲ. ತಾಯಿ ತೀರಿಕೊಂಡಿದ್ದರಿಂದ ಬಾಣಂತನವೆಲ್ಲ ಗಂಡನ ಮನೆಯಲ್ಲೇ ಆಯಿತು. ಕಿಟಕಿಯಿಲ್ಲದ ಕೋಣೆ, ಹೊರಸಿನ ಕೆಳಗೆ ಕೆಂಡ, ಕಣ್ಣು ಬಿಡಲಾಗದ ಹೊಗೆ. ಮೊದಲನೆಯದು ಗಂಡು ಕೂಸು. ಹೆತ್ತವಳ ಮೊದಲ ಹಾಲು ಹಳದಿ, ಅದು ವಿಷ ಎಂದು ಆಯಿ ಹಿಂಡಿ ಚೆಲ್ಲಿಸಿದರು. ಕೂಸಿನ ಬಾಯಿಗೆ ಅರಳೆಯ ಬತ್ತಿಯಲ್ಲಿ ಬೆಲ್ಲದ ನೀರು, ಔಡಲ ಎಣ್ಣೆ, ಆಮೇಲೆ ಆಡಿನ ಹಾಲು. ಕೂಸಿಗೆ ಭೇದಿ ಹತ್ತಿತು. ನನ್ನ ಎದೆ ಕಲ್ಲಾಗಿ ನೋಯುತ್ತಿತ್ತು, ಪಕ್ಕದಲ್ಲಿ ಕೂಸು ಒಣಗುತ್ತಿತ್ತು. ಅತ್ತೆ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದರು. ಕೂಸು ಹೋಯಿತು. ಅವರು ಒಂದು ಮಾತೂ ಆಡಲಿಲ್ಲ.

ಎರಡನೆಯ ಸಲ ಹೆಣ್ಣು ಹುಟ್ಟಿತು. ಸೂಲಗಿತ್ತಿ ಹೊಕ್ಕುಳಬಳ್ಳಿ ಕತ್ತರಿಸಿ, ಕೂಸಿನ ಮೈ ಒರೆಸಿ, ಕೈ ತೊಳೆಯಲು ಹಿತ್ತಿಲಿಗೆ ಹೋದಳು. ಆಯಿ ಆಡಿನ ಹಾಲು ತರಲು ಕೂಗಿ ಹೇಳುತ್ತಿದ್ದದ್ದು ಪಡಸಾಲೆಯಿಂದ ಕೇಳಿಸಿತು. ಆಗ ಅತ್ತೆ ಒಳಗೆ ಬಂದರು. ಬಾಗಿಲು ಮುಚ್ಚಿ ಚಿಲಕ ಹಾಕಿದರು. ಕೂಸನ್ನು ಎತ್ತಿ ನನ್ನ ಬರಿಯ ಎದೆಯ ಮೇಲೆ ಮಲಗಿಸಿದರು.

“ಕುಡಸು,” ಅಂದರು.

“ಅತ್ತೀ, ಆಯಿ ನನ್ನ ಕೊಂದಾರ್ರಿ.”

“ಎಮ್ಮಿ ಕರ ಹುಟ್ಟಿದ ಗಳಿಗ್ಯಾಗ ಕೆಚ್ಚಲಕ್ಕ ಬಾಯಿ ಹಾಕತೈತಿ. ಅದಕ್ಕ ಯಾರ ಅಪ್ಪಣಿ ಬೇಕು? ಕುಡಸವಾ.”

ಹೊರಗೆ ಕೋಲು ಬಾಗಿಲಿಗೆ ಬಡಿಯಿತು. ಆಯಿ ನನ್ನ ಗಂಡನನ್ನು ಕರೆದು, ಬಾಗಿಲು ಒಡೆ ಅಂದರು. ಅತ್ತೆ ಬಾಗಿಲಿಗೆ ಬೆನ್ನು ಕೊಟ್ಟು ಕೂತರು.

“ಒಡೀತಿದ್ರ ಒಡೀಪಾ. ಆದ್ರ ನೀ ಹ್ಯಾಂಗ ಉಳದಿ ಅನ್ನೂದು ಮದಲ ಕೇಳು. ನಿನಗಿಂತ ಮುಂಚೆ ಹುಟ್ಟಿದಾವೆಲ್ಲಾ ಇದ ಕೋಣ್ಯಾಗ ಬತ್ತಿ ಚೀಪಿ ಸತ್ತಾವು. ನೀ ಹುಟ್ಟಿದಾಗ ಊರಾಗ ಪ್ಲೇಗ ಬಂದಿತ್ತು. ಎಲ್ಲಾರೂ ಅಡವ್ಯಾಗ ಒಬ್ಬೊಬ್ಬರು ಒಂದೊಂದು ಕಡೆ ಗುಡಿಸಲಾ ಹಾಕಿದ್ರು. ನನ್ನ ಗುಡಿಸಲದಾಗ ಆಡ ಇರಲಿಲ್ಲ, ಅತ್ತೀನೂ ಇರಲಿಲ್ಲ. ಹಸೀ ಮೈಯಾಗ ನನ್ನ ಹಾಲ ಕುಡಿಸಿದೆ. ನೀ ಉಳದಿ.”

ಕೋಲಿನ ಬಡಿತ ನಿಂತಿತು. ಸ್ವಲ್ಪ ಹೊತ್ತಿಗೆ ಗಂಡನ ಹೆಜ್ಜೆ ದೂರ ಹೋದದ್ದು ಕೇಳಿಸಿತು. ಮತ್ತೆ ಬಂದಾಗ ಹೊಸ್ತಿಲಲ್ಲಿ ನನಗೆಂದು ಬಿಸಿ ಗಂಜಿ ಇಟ್ಟು, “ಯವ್ವಾ, ಗಂಜಿ ಐತಿ,” ಎಂದಷ್ಟೇ ಹೇಳಿ ಹೋದರು.

ನನ್ನ ಹಾಲು ಚೆನ್ನಾಗಿ ಇಳಿಯುವವರೆಗೂ ಅತ್ತೆ ಆ ಕೋಣೆ ಬಿಟ್ಟು ಅಲುಗಲಿಲ್ಲ. ಹಾಲು ಸಾಲದು ಎಂದು ನಾನು ಅತ್ತರೆ, “ಹುಚ್ಚಿ, ಕೂಸು ಎಳದಷ್ಟೂ ಹಾಲು ಇಳೀತೈತಿ. ನೀ ಉಣ್ಣು, ಅದು ಕುಡೀಲಿ,” ಅನ್ನುತ್ತಿದ್ದರು. ಕೆಂಡ ಹೊರಗೆ ಹಾಕಿಸಿದರು. ಒಂದು ಮಧ್ಯಾಹ್ನ ಕೂಸು ಕುಡಿದು ಮುಷ್ಟಿ ಬಿಚ್ಚಿ ಮಲಗಿದಾಗ ಅದರ ಅಂಗಾಲು ಮುಟ್ಟಿ ನೋಡಿ, “ಹಿಂದಿನ ಸಲ ನಾ ಬಾಯಿ ತಗೀಲಿಲ್ಲ ತಂಗೀ. ಹೆದರಿದ್ದೆ,” ಅಂದರು. ನಾನು ಅವರ ಕೈ ಹಿಡಿದುಕೊಂಡೆ.

ಆಯಿ ಬೈಯಲಿಲ್ಲ. ಅಂದಿನಿಂದ ಅತ್ತೆಯ ಕೈಯ ನೀರು ಮುಟ್ಟಲಿಲ್ಲ, ಅಷ್ಟೆ. ಒಲೆ ಅತ್ತೆಯ ಕೈ ತಪ್ಪಿತು. ಹಿತ್ತಿಲ ಕಡೆಯ ಕತ್ತಲೆ ಕೋಣೆಯಲ್ಲಿ ಕಾಳು ಹಸನು ಮಾಡುತ್ತ ವರ್ಷಗಟ್ಟಲೆ ಕೂತರು. ಮದುವೆ ಮುಂಜಿಗೂ ಅವರನ್ನು ಕರೆದೊಯ್ಯಲಿಲ್ಲ. ನನ್ನ ಗಂಡ ತಮ್ಮ ಅಜ್ಜಿಗೆ ಎದುರು ಮಾತಾಡಲಿಲ್ಲ. ನನಗೆ ಆ ಧೈರ್ಯವೂ ಇರಲಿಲ್ಲ, ಹೋಗಲು ಬೇರೆ ಜಾಗವೂ ಇರಲಿಲ್ಲ. ಒಮ್ಮೆ, “ನನ್ನ ಸಲುವಾಗಿ ನಿಮಗ ಹಿಂಗಾತಲ್ರಿ,” ಅಂದೆ. ಕಾಳು ಕೇರುವ ಮೊರದಿಂದ ತಲೆಯೆತ್ತದೆ, “ಹಿಂದ ಒಲಿ ಮುಂದಿದ್ದೆ, ಈಗ ಕಾಳಿನ ಮುಂದ ಅದೇನಿ. ಸುತ್ತಲಿನ ಗ್ವಾಡಿ ಆಗಿನವ ಅದಾವು,” ಅಂದರು.

ಓಣಿಯ ಬಸುರಿಯರು ಹಿತ್ತಿಲ ಬಾಗಿಲಿಗೆ ಬಂದು ಅವರ ಜೊತೆ ಪಿಸುಗುಟ್ಟಿ ಹೋಗುತ್ತಿದ್ದರು. ಊರಾಚೆಯ ಗೋಪನಕೊಪ್ಪದಿಂದಲೂ ಬಂದವರಿದ್ದರು. ಆಯಿಗೆ ಗೊತ್ತಾಗಿತ್ತೋ ಏನೋ, ಕೇಳಲಿಲ್ಲ.

ಆಯಿಗಿಂತ ಮೊದಲು ಅತ್ತೆಯೇ ಹೋದರು. ಎದೆಯಲ್ಲಿ ಕಫ ಕಟ್ಟಿ ಹಾಸಿಗೆ ಹಿಡಿದರು. ಅಂದು ಬೆಳಿಗ್ಗೆ ನನ್ನ ಮಗಳು, ಎರಡು ಜಡೆ ಹಾಕಿಕೊಂಡು ಸಾಲೆಗೆ ಹೊರಟವಳು, ಪಕ್ಕದಲ್ಲಿ ಕೂತು ಚಮಚೆಯಿಂದ ಬಾಯಿಗೆ ನೀರು ಬಿಡುತ್ತಿದ್ದಳು. ಎರಡು ಗುಟುಕು ಕುಡಿದು ಅತ್ತೆ ಅವಳ ಕೈಯನ್ನು ಮೆಲ್ಲಗೆ ಸರಿಸಿದರು.

“ಸಾಕವಾ. ಸಾಲಿಗೆ ಹೊತ್ತಾತು, ನಡಿ ನೀ.”

ಹೋಗಲೋ ಬೇಡವೋ ಎಂದು ಮಗಳು ನನ್ನ ಮುಖ ನೋಡಿದಳು. ನಾನು ಅವಳ ಪಾಟಿಚೀಲ ಎತ್ತಿ ಹೆಗಲಿಗೆ ಹಾಕಿ ಕಳಿಸಿದೆ. ಅವಳು ತಲಬಾಗಿಲು ದಾಟಿ ಓಡಿದ ಸಪ್ಪಳವನ್ನು ಅತ್ತೆ ಕಣ್ಣು ಮುಚ್ಚಿ ಕೇಳಿಸಿಕೊಂಡರು. ಮಗಳು ತಿರುಗಿ ಬರುವಷ್ಟರಲ್ಲಿ ಅವರಿರಲಿಲ್ಲ.