ಅಕ್ಕ ಉಂಡು ಹೋದ ಮಧ್ಯಾಹ್ನ

ದೆವ್ವ, ಗಾಳಿ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುತ್ತಿದ್ದವನು ನಾನು. ಈಗಲೂ ಅವನ್ನು ನಂಬುತ್ತೇನೆಂದು ಹೇಳಲಾರೆ. ಆದರೆ ಎಂಟು ವರ್ಷಗಳ ಹಿಂದೆ ಜೀರಹಳ್ಳಿಯ ನಮ್ಮ ಹೊಲದಲ್ಲಿ, ಸುಡುವ ಬಿಸಿಲಿನಲ್ಲಿ ನಡೆದದ್ದನ್ನು ಇಲ್ಲವೆನ್ನಲೂ ಆಗುತ್ತಿಲ್ಲ.

ನನಗೊಬ್ಬಳು ಅಕ್ಕ ಇದ್ದಳು, ರತ್ನಿ. ನಮ್ಮಲ್ಲಿ ಕೂಲಿಗೆ ಬರುತ್ತಿದ್ದವನನ್ನು ಮೆಚ್ಚಿ, ಅವನ ಜೊತೆ ಹಾಸನೂರಿಗೆ ಹೋಗಿ ಸಂಸಾರ ಹೂಡಿದಳು. ಅಪ್ಪ, ಇನ್ನು ಅವಳು ಸತ್ತ ಲೆಕ್ಕ ಎಂದು ತಲೆಗೆ ನೀರು ಹಾಕಿಕೊಂಡ. ಅಪ್ಪ ತೀರಿಹೋದ ಮೇಲಾದರೂ ನಾನು ಹೋಗಿ ಕರೆದುಕೊಂಡು ಬರಬಹುದಿತ್ತು. ಹೋಗಲಿಲ್ಲ. ಒಮ್ಮೆ ತಾಳವಾಡಿ ಸಂತೆಯಲ್ಲಿ ಎದುರಾದಾಗ ಅವಳು ನಕ್ಕಳು. ನಾನು ಮುಖ ತಿರುಗಿಸಿದೆ. ಊರಿನವರು ನೋಡುತ್ತಿದ್ದರು, ಅಷ್ಟೇ ಕಾರಣ.

ಆ ದಿನ ಕೋಸಿಗೆ ನೀರು ಕಟ್ಟುತ್ತಿದ್ದೆ. ಬೇಲಿಯಾಚೆಯಿಂದ ಅಕ್ಕನ ದನಿ ಬಂತು: "ಲೋ ಕುಳ್ಳ, ಆ ಮಡಿ ತುಂಬೋಯ್ತು ನೋಡ್ಲಾ."

ನನ್ನನ್ನು ಕುಳ್ಳ ಎನ್ನುತ್ತಿದ್ದವಳು ಅವಳೊಬ್ಬಳೇ. ಮಡಿ ನಿಜಕ್ಕೂ ತುಂಬಿ ಹರಿಯುತ್ತಿತ್ತು. ತಲೆ ಎತ್ತದೆ ನೀರು ತಿರುಗಿಸಿದೆ. ಇನ್ನೊಂದು ಸಲ ಕೂಗಿದಳು, ಈ ಸಲ ಮೆಲ್ಲಗೆ. ಓಗೊಟ್ಟರೆ ಮನೆಗೇ ಬಂದುಬಿಡುತ್ತಾಳೆ ಎಂದು ಬೆನ್ನು ಮಾಡಿಯೇ ನಿಂತೆ. ಎಷ್ಟೋ ಹೊತ್ತಿನ ಮೇಲೆ ತಿರುಗಿದರೆ ಬೇಲಿಯ ಹತ್ತಿರ ಯಾರೂ ಇರಲಿಲ್ಲ.

ಊಟಕ್ಕೆ ಹೋದಾಗ ಅವ್ವ ಜಗಲಿಯ ಮೇಲಿದ್ದಳು. ಕಣ್ಣಿಗೆ ಪೊರೆ ಬಂದು ಅವಳಿಗೆ ಎಲ್ಲವೂ ಮಸುಕು. ಅವಳ ಎದುರಿಗೆ ಯಾರೋ ಉಂಡು ಎದ್ದ ತಟ್ಟೆ ಇತ್ತು.

"ರತ್ನಿ ಬಂದಿದ್ಲು ಕಣ್ಲಾ. ಅಸಿವು ಅಂದ್ಲು, ಮುದ್ದೆ ಇಕ್ಕ್‌ದೆ. ಉಂಡ್ಬುಟ್ಟು ಓದ್ಲು" ಎಂದಳು. ನಾನು ತಟ್ಟೆ ಎತ್ತಿಟ್ಟೆ. "ಒಲದತ್ರ ತಮ್ಮನ್ನ ಎಲ್ಡು ಸಲ ಕೂಗ್ದೆ, ತಿರುಗೂ ನೋಡ್ನಿಲ್ಲ ಅಂದ್ಲು. ದಿಟವಾ?"

"ನಂಗೇನೂ ಕೇಳ್ನಿಲ್ಲ" ಎಂದೆ.

ಸಂಜೆಯ ಹೊತ್ತಿಗೆ ಮನಸ್ಸು ತಡೆಯಲಿಲ್ಲ. ಅವರಿವರನ್ನು ಕೇಳಿ ನಂಬರ್ ಪಡೆದು ಅವಳ ಗಂಡನಿಗೆ ಫೋನ್ ಮಾಡಿದೆ. ಅಕ್ಕ ಮನೆ ಸೇರಿದಳಾ ಎಂದು ಕೇಳಿದೆ.

"ನೆನ್ನೇನೇ ಮಣ್ಣು ಮಾಡ್ದೋ. ಮೂರು ದಿನ ಜ್ವರ. ನಿಮ್ಮ ಪಾಲ್ಗೆ ಅವಳು ಯಾವಾಗ್ಲೋ ಸತ್ತಿದ್ಲಲ್ಲ, ಅದ್ಕೇ ಯೋಳ್ನಿಲ್ಲ" ಎಂದು ಫೋನ್ ಇಟ್ಟ.

ಹಾದಿಯಲ್ಲಿ ಹೋಗುತ್ತಿದ್ದ ಯಾರೋ ಹೆಂಗಸು ಬಂದು ಉಂಡು ಹೋಗಿರಬೇಕು, ಕಣ್ಣು ಕಾಣದ ಅವ್ವ ಮಗಳೆಂದುಕೊಂಡಿರಬೇಕು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಹೊಲದಲ್ಲಿ ಕೇಳಿದ್ದು ನನ್ನ ತಪ್ಪಿನ ದನಿಯೇ ಇರಬಹುದು. ಆದರೆ ಎರಡು ಸಲ ಕೂಗಿದ್ದು, ನಾನು ತಿರುಗದೆ ನಿಂತದ್ದು ನನಗೊಬ್ಬನಿಗೇ ಗೊತ್ತಿತ್ತು. ಅದು ಅವ್ವನಿಗೆ ಹೇಗೆ ಮುಟ್ಟಿತು? ಓದಿದವರನ್ನು ಕೇಳಿದೆ, ಪೂಜಾರಿಯನ್ನೂ ಕೇಳಿದೆ. ಯಾರ ಉತ್ತರವೂ ನನ್ನನ್ನು ಒಪ್ಪಿಸಲಿಲ್ಲ.

ಸಾವಿನ ಸುದ್ದಿ ಹೇಳಿದಾಗ ಅವ್ವ ಅಳಲಿಲ್ಲ. "ಉಂಡ್ಬುಟ್ಟು ಓದ್ಲಲ್ಲ, ಅಷ್ಟೇ ಸಾಕು" ಎಂದಳು. ಆಮೇಲೆ ಎರಡು ವರ್ಷ ಬದುಕಿದ್ದಳು. ಕೊನೆಯ ದಿನಗಳಲ್ಲಿ ಒಮ್ಮೆ ನನ್ನ ಕೈ ಹಿಡಿದುಕೊಂಡು, "ನಿಂಗೆ ಕೇಳ್ನೇ ಇಲ್ವಾ, ಮಗ?" ಎಂದಳು.

ಇಲ್ಲ ಎಂದೆ. ಅವ್ವ ಕೈ ಬಿಟ್ಟು ಗೋಡೆಯ ಕಡೆಗೆ ಹೊರಳಿದಳು.