ಊದುಬತ್ತಿಯ ಹೊಗೆ ಓರೆಯಾಗಿತ್ತು

ಹೊಗೆಯಿಂದಲೇ ಶುರು ಮಾಡುತ್ತೇನೆ. ಉಳಿದದ್ದನ್ನೆಲ್ಲ ನಾನು ಆಮೇಲೆ ತಿದ್ದಿರುವ ಸಾಧ್ಯತೆ ಇದೆ.

ಮುಂಬಯಿಯ ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲು. ಮರದ ಕಡಿದಾದ ಮೆಟ್ಟಿಲು ಹತ್ತಿದರೆ ಮೇಲೊಂದು ಸಣ್ಣ ಕೋಣೆ, ಗೋಡೆಯಲ್ಲಿ ಹಳೆಯ ವಿಂಡೋ ಎ.ಸಿ. ಅದರ ನೆತ್ತಿಯ ಮೇಲೆ ಮೂರು ದೇವರ ಪಟ, ಒಂದು ಒಣಗಿದ ಹಾರ. ಪಟಗಳ ಮುಂದೆ ಬಾಳೆಹಣ್ಣಿಗೆ ಚುಚ್ಚಿದ ಊದುಬತ್ತಿ. ಅದರ ಹೊಗೆ ನೇರ ಮೇಲಕ್ಕೆ ಹೋಗುತ್ತಿರಲಿಲ್ಲ. ನನ್ನ ಕಡೆಗೆ ಬಾಗಿತ್ತು.

ಇಷ್ಟನ್ನು ಕಂಡಿದ್ದೇನೆ. ಇಷ್ಟರ ಮೇಲೆ ಒಂದು ವಾಕ್ಯ ಬರೆದೆ.

ಆಗ ನಾನು ತೆರಿಗೆ ಕಾನೂನಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ವಾರಕ್ಕೆ ಮೂರು ದಿನ ಒಂದು ಲಾ ಕಾಲೇಜಿನಲ್ಲಿ ಪಾಠ, ಉಳಿದ ದಿನ ಹೋಟೆಲುಗಳ ಸುತ್ತಾಟ. ಜಿ.ಎಸ್.ಟಿ. ಬಂದ ವರ್ಷ ಅದು. ಎ.ಸಿ. ಇಲ್ಲದ ಹೋಟೆಲಿನ ಊಟಕ್ಕೆ ಒಂದು ದರ, ಇರುವ ಹೋಟೆಲಿನದಕ್ಕೆ ಹೆಚ್ಚಿನ ದರ. ಕಟ್ಟಡದ ಯಾವುದೇ ಒಂದು ಭಾಗದಲ್ಲಿ, ವರ್ಷದ ಯಾವುದೇ ಒಂದು ಹೊತ್ತಿನಲ್ಲಿ ಎ.ಸಿ. ಸೌಲಭ್ಯ ಇದ್ದರೆ ಸಾಕು, ಇಡೀ ಹೋಟೆಲು ಎ.ಸಿ. ಹೋಟೆಲು. ಕೆಳಗೆ ಬೆವರುತ್ತ ಇಡ್ಲಿ ತಿನ್ನುವವನೂ ಮೇಲಿನ ತಂಪಿಗೆ ತೆರಿಗೆ ಕೊಡಬೇಕು. ಕೆಲವೇ ತಿಂಗಳಲ್ಲಿ ಸರಕಾರವೇ ಆ ಭೇದವನ್ನು ಕೈಬಿಟ್ಟಿತು. ಆದರೆ ಹಳೆಯ ತಿಂಗಳುಗಳಿಗೆ ಹಳೆಯ ನಿಯಮವೇ. ಅವನ್ನು ಮತ್ತೆ ತೆಗೆದು ನೋಡಲು ಇಲಾಖೆಗೆ ವರ್ಷಗಳ ಅವಕಾಶವಿರುತ್ತದೆ. ಎಷ್ಟು ವರ್ಷ, ಯಾವ ಕಲಮು ಎಂಬುದೆಲ್ಲ ನನಗೆ ಬಾಯಿಪಾಠ. ಅದನ್ನು ಕಲಿಸುವುದೇ ನನ್ನ ಉದ್ಯೋಗ.

ಹೋಟೆಲಿನ ಯಜಮಾನರನ್ನು ನಾನು ಕಾಕಾ ಎನ್ನುತ್ತಿದ್ದೆ. ನಮ್ಮ ಮನೆಯವರು ಧಾರವಾಡದ ಕಡೆಯಿಂದ ಬಂದವರು, ಅಪ್ಪನ ವಯಸ್ಸಿನವರೆಲ್ಲ ನಮಗೆ ಕಾಕಾ. ಉಡುಪಿಯ ಅವರಿಗೆ ಆ ಶಬ್ದ ತಮಾಷೆಯಾಗಿ ಕೇಳುತ್ತಿತ್ತು. ಅವರು ನನ್ನನ್ನು ಮೇಷ್ಟ್ರೇ ಎನ್ನುತ್ತಿದ್ದರು, ಅರ್ಧ ಗೌರವ, ಅರ್ಧ ಕೀಟಲೆ.

ನಾನು ಮೊದಲ ಸಲ ಆ ಕೋಣೆ ಹತ್ತಿದ್ದು ಅಕ್ಟೋಬರಿನಲ್ಲಿ. ಮಳೆ ಹೋಗಿ ಮುಂಬಯಿ ಬೇಯುವ ತಿಂಗಳು.

"ಇದನ್ನು ತೆಗೆದುಬಿಡಿ ಅಂತ ಅಕೌಂಟೆಂಟ್ ಹೇಳಿದ," ಎಂದರು ಕಾಕಾ, ಎ.ಸಿ.ಯನ್ನು ತೋರಿಸಿ. "ತೆಗೆದರೆ ಗೋಡೆಯಲ್ಲಿ ಇಷ್ಟು ದೊಡ್ಡ ತೂತು. ಪಾರಿವಾಳ ಬಂದು ಸಂಸಾರ ಹೂಡ್ತವೆ ಮಾರಾಯ್ರೆ. ಹಾಗೆ ವಯರ್ ಕಿತ್ತು, ದೇವರನ್ನು ಕೂರಿಸಿದೆ. ದೇವರ ಬುಡಕ್ಕೆ ಯಾವ ಇನ್ಸ್‌ಪೆಕ್ಟರ್ ಕೈ ಹಾಕ್ತಾನೆ ಹೇಳಿ?"

ಇಬ್ಬರೂ ನಕ್ಕೆವು. ನಾನು ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಆ ಪುಟ ಈಗಲೂ ನನ್ನ ಬಳಿ ಇದೆ. ಬರೆದಿರುವುದು ಮೂರು ಸಾಲು: 'ಎ.ಸಿ. ಮೇಲೆ ದೇವರು. ಹೊಗೆ ಓರೆ. ತಂಪಿತ್ತು.' ಸೀಲಿಂಗ್ ಫ್ಯಾನ್ ಇತ್ತೋ ಇಲ್ಲವೋ ಬರೆದಿಲ್ಲ. ಎ.ಸಿ.ಯ ಸದ್ದು ಕೇಳಿದೆನೋ ಇಲ್ಲವೋ ಬರೆದಿಲ್ಲ. ಕೆಳಗೆ ರಸ್ತೆಯಲ್ಲಿ ಎಷ್ಟು ಗದ್ದಲವಿತ್ತೆಂದರೆ ಕೇಳುವ ಹಾಗೂ ಇರಲಿಲ್ಲ. ಅಥವಾ ಗದ್ದಲವನ್ನು ಈಗ ಸೇರಿಸುತ್ತಿದ್ದೇನೆ.

ಒಂದು ಸೆಮಿನಾರಿಗೆಂದು ಬರೆದ ನನ್ನ ಪ್ರಬಂಧದ ವಾದ ಸರಳವಾಗಿತ್ತು. ಕಣ್ಣಿಗೆ ಕಾಣುವ ವಸ್ತುವೊಂದನ್ನು ಶ್ರೀಮಂತಿಕೆಯ ಗುರುತೆಂದು ಕಾನೂನು ಹಿಡಿದರೆ, ಜನ ಆ ವಸ್ತುವನ್ನು ಬೇರೇನೋ ಆಗಿ ಮಾಡುತ್ತಾರೆ. ಇದನ್ನು ಒಪ್ಪದ ಪಂಡಿತರಿದ್ದರು. ಆದಾಯ ಅಧಿಕಾರಿಗೆ ಕಾಣುವುದಿಲ್ಲ, ಯಂತ್ರ ಕಾಣುತ್ತದೆ, ಕಾಣುವುದಕ್ಕೇ ತೆರಿಗೆ ಹಾಕುವುದು ಜಾಣತನ ಎಂಬುದು ಅವರ ಮಾತು. ಅವರೆದುರು ನನ್ನ ಬಳಿ ಇದ್ದ ಬಲವಾದ ಸಾಕ್ಷಿ ಒಂದೇ, ಎ.ಸಿ.ಯ ಮೇಲೆ ಕುಳಿತ ದೇವರು. ಸಾಕ್ಷಿ ಇನ್ನಷ್ಟು ಹರಿತವಾಗಲೆಂದು ಇನ್ನೊಂದು ವಾಕ್ಯ ಸೇರಿಸಿದೆ: ಹೊರನೋಟಕ್ಕೆ ಸತ್ತ ಈ ಯಂತ್ರ ಸೆಕೆಯ ಮಧ್ಯಾಹ್ನಗಳಲ್ಲಿ ದೇವರ ಪಟಗಳ ಕೆಳಗೆ ಓಡುತ್ತದೆ.

ಮಧ್ಯಾಹ್ನಗಳಲ್ಲಿ. ಬಹುವಚನ. ನಾನು ಕಂಡದ್ದು ಒಂದು ಮಧ್ಯಾಹ್ನ, ಒಂದು ಊದುಬತ್ತಿ.

ಹೆಸರು ಹಾಕಲಿಲ್ಲ. 'ಮಧ್ಯ ಮುಂಬಯಿಯ ಹಳೆಯ ಸಸ್ಯಾಹಾರಿ ಹೋಟೆಲು' ಎಂದಷ್ಟೇ ಬರೆದೆ. ನನ್ನ ಗೈಡ್ ಮೇಡಂ ಆ ಭಾಗದ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಸಣ್ಣ ನಕ್ಷತ್ರ ಬಿಡಿಸಿದ್ದರು. ಅವರು ನಕ್ಷತ್ರ ಬಿಡಿಸುವುದು ಅಪರೂಪ. ಬರೆದದ್ದನ್ನು ಸಂಬಂಧಪಟ್ಟವರಿಗೆ ತೋರಿಸಬೇಕೆಂಬುದು ನಮ್ಮ ಕೆಲಸದ ನಿಯಮ. ಅದರಂತೆ ಕಾಕಾರಿಗೂ ಒಂದು ಪ್ರತಿ ಕೊಟ್ಟು ಬಂದೆ. ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟೆ, ನಿಯಮ ಪಾಲಿಸಿದ ಸಮಾಧಾನದಲ್ಲಿ ಲೋಕಲ್ ರೈಲು ಹತ್ತಿದೆ.

ಸೆಮಿನಾರು ಸಾಂತಾಕ್ರೂಜ್‌ನಲ್ಲಿ, ಮರುವರ್ಷ. ಸಭೆಯಲ್ಲಿ ಮೂವತ್ತು ಜನರಿದ್ದಿರಬಹುದು. ಎಲ್ಲರ ಕೈಗೂ ಪ್ರಬಂಧದ ಜೆರಾಕ್ಸ್ ಪ್ರತಿ ಕೊಟ್ಟಿದ್ದರು. ದೇವರ ಭಾಗ ಬಂದಾಗ ಸಭೆ ನಕ್ಕಿತು. ಆ ನಗು ನನಗೆ ಹಿತವಾಗಿತ್ತು, ಸುಳ್ಳು ಹೇಳುವುದಿಲ್ಲ. ಎದುರು ವಾದದ ಪ್ರೊಫೆಸರರೂ ನಕ್ಕರು. "ಹಾಗಾದರೆ ಅಧಿಕಾರಿಗಳು ದೇವರನ್ನೂ ಸ್ವಲ್ಪ ಸರಿಸಿ ನೋಡಬೇಕು, ಅಷ್ಟೇ ತಾನೆ?" ಎಂದು ಕುಟುಕಿದರು. ಮತ್ತೆ ನಗು.

ಮೂರನೆಯ ಸಾಲಿನಲ್ಲಿ ಒಬ್ಬರು ನಗಲಿಲ್ಲ. ತೋಳು ಮಡಚಿದ ಬಿಳಿ ಶರ್ಟು. ಚಹಾದ ಹೊತ್ತಿಗೆ ನನ್ನ ಬಳಿ ಬಂದು ಬಿಸ್ಕತ್ತು ಮುರಿಯುತ್ತ ಕೇಳಿದರು:

"ಯೇ ಜಗಾ ಶಾಯದ್ ಮೈನೇ ದೇಖೀ ಹೈ. ಲಕಡೀ ಕೀ ಸೀಢೀ ಹೈ ನಾ?"

ಈ ಜಾಗ ನಾನು ನೋಡಿರಬೇಕು, ಮರದ ಮೆಟ್ಟಿಲಲ್ಲವೇ ಎಂದು. ಮೆಟ್ಟಿಲಿನ ವಿಷಯ ನಾನು ಎಲ್ಲೂ ಬರೆದಿರಲಿಲ್ಲ. ಏನೋ ಗೊಣಗಿದೆ. ಅವರು ತಲೆಯಾಡಿಸಿ, ಪ್ರಬಂಧವನ್ನು ನಾಲ್ಕಾಗಿ ಮಡಚಿ ಶರ್ಟಿನ ಜೇಬಿಗೆ ಹಾಕಿಕೊಂಡು ಹೊರಟುಹೋದರು.

"ಯಾರವರು?" ಎಂದು ಮೇಡಂ ಅವರನ್ನು ಕೇಳಿದೆ.

"ಟ್ಯಾಕ್ಸ್ ಡಿಪಾರ್ಟ್‌ಮೆಂಟಿನವರು ಯಾರೋ ಇರಬೇಕು. ಕರೆದರೆ ಬರುತ್ತಾರೆ, ಚಹಾ ಕುಡಿದು ಹೋಗುತ್ತಾರೆ," ಎಂದರು ಮೇಡಂ.

ಕುರ್ಚಿಗಳ ಮೇಲೆ, ಕಿಟಕಿಯ ಕಟ್ಟೆಯ ಮೇಲೆ, ಕಸದ ಬುಟ್ಟಿಯಲ್ಲಿ ಬಿದ್ದಿದ್ದ ಪ್ರತಿಗಳನ್ನೆಲ್ಲ ಆರಿಸಿಕೊಂಡೆ. ಒಬ್ಬ ಪ್ರೊಫೆಸರರ ಕೈಯಿಂದಲೂ, ತಪ್ಪು ಅಚ್ಚಾಗಿದೆ ಎಂದು ಸುಳ್ಳು ಹೇಳಿ ಕಸಿದುಕೊಂಡೆ. ಬ್ಯಾಗು ಭಾರವಾಯಿತು. ಆ ಜೇಬಿನೊಳಗಿನದು ಸಿಗಲಿಲ್ಲ.

ಮನೆಯಲ್ಲಿ ತಟ್ಟೆಯ ಮುಂದೆ ಕಲಸಿದ ಅನ್ನವನ್ನೇ ಮತ್ತೆ ಕಲಸುತ್ತ ಕೂತಿದ್ದೆ. "ಯಾಕೋ, ಹಿಂಗ ಕುಂತಿ? ಯಾರರ ಬೈದ್ರೇನು?" ಎಂದಳು ಅವ್ವ.

"ಇಲ್ಲವಾ. ಎಲ್ಲಾರೂ ನಕ್ಕರು."

"ನಕ್ಕರ ಛಲೋನ ಆತಲ್ಲ. ಉಣ್ಣು."

ಒಂದು ವಾರ ನನಗೆ ಕಂಡದ್ದೆಲ್ಲ ಒಂದೇ ಚಿತ್ರ. ಬಿಳಿ ಶರ್ಟು ಮರದ ಮೆಟ್ಟಿಲು ಹತ್ತುತ್ತದೆ, ಪಟಗಳನ್ನು ಒಂದೊಂದಾಗಿ ಕೆಳಗಿಳಿಸುತ್ತದೆ, ಎ.ಸಿ.ಯ ಬೆನ್ನು ಮುಟ್ಟಿ ನೋಡುತ್ತದೆ. ಫೋನು ರಿಂಗಾದಾಗಲೆಲ್ಲ ಕಾಕಾ ಎಂದೇ ಅನಿಸುತ್ತಿತ್ತು. ಕಾಕಾ ಫೋನ್ ಮಾಡಲಿಲ್ಲ. ಅದರಿಂದ ಹೆದರಿಕೆ ಇನ್ನೂ ಹೆಚ್ಚಿತು. ಕ್ಲಾಸಿನಲ್ಲಿ ದಂಡದ ಪಾಠ ಮಾಡುವಾಗ ನಾಲಗೆ ತೊಡರಿತು. ಕಡೆಗೆ, ಎಚ್ಚರಿಕೆ ಹೇಳಿಬಿಡೋಣ ಎಂದು ಗ್ರಾಂಟ್ ರೋಡಿನಲ್ಲಿ ಇಳಿದೆ.

ಗಲ್ಲಾದ ಹಿಂದಿನ ಗೋಡೆಯಲ್ಲಿ, ಲೈಸೆನ್ಸಿನ ಪಕ್ಕದಲ್ಲೇ, ಲ್ಯಾಮಿನೇಟ್ ಮಾಡಿದ ಒಂದು ಹಾಳೆ ತೂಗುತ್ತಿತ್ತು. ನನ್ನ ಪ್ರಬಂಧದ ಆ ಪುಟ. ದೇವರ ಭಾಗಕ್ಕೆ ಕೆಂಪು ಶಾಯಿಯಲ್ಲಿ ಚೌಕಟ್ಟು.

"ಬನ್ನಿ ಬನ್ನಿ ಮೇಷ್ಟ್ರೇ!" ಕಾಕಾ ಗಲ್ಲಾದಿಂದಲೇ ಎದ್ದರು. "ನೋಡಿದಿರಾ? ಒಬ್ಬ ವಕೀಲರು ಬರ್ತಾರೆ ದೋಸೆಗೆ, ಅವರಿಗೆ ತೋರಿಸಿದೆ. ಭಾರೀ ಒಳ್ಳೆ ಇಂಗ್ಲಿಷ್ ಅಂದರು. ನಮ್ಮ ದೇವರು ಕಾಲೇಜಿಗೆ ಹೋದರು ಅಂತ ಎಲ್ಲರಿಗೂ ಹೇಳ್ತಾ ಇದ್ದೇನೆ. ಒಂದೇ ಬೇಜಾರು. ನನ್ನ ಹೆಸರು ಯಾಕೆ ಹಾಕಲಿಲ್ಲ?"

"ಎಲ್ಲರಿಗೂ ಅಂದರೆ ಯಾರಿಗೆ ಕಾಕಾ?"

"ಎಲ್ಲರಿಗೂ ಅಂದರೆ ಎಲ್ಲರಿಗೂ. ಊಟಕ್ಕೆ ಬಂದವರನ್ನು ನೀನು ಯಾರು ಅಂತ ಕೇಳ್ಲಿಕ್ಕುಂಟಾ?"

ಅಷ್ಟರಲ್ಲಿ ಅವರ ಮಗಳು ಒಳಗಿನಿಂದ ಬಂದಳು. ಸಿ.ಎ. ಓದುತ್ತಿದ್ದವಳು. ಆಡಿಟ್ ಕೆಲಸಕ್ಕೆಂದು ತಿಂಗಳಿಂದ ಪುಣೆಯಲ್ಲಿದ್ದು ಅಂದು ಬೆಳಿಗ್ಗೆಯಷ್ಟೇ ಮರಳಿದ್ದಳು. ಗೋಡೆಯ ಹಾಳೆಯನ್ನು ಅವಳು ಓದತೊಡಗಿದಳು. ನಾನು ಅವಳ ಕಣ್ಣನ್ನೇ ನೋಡುತ್ತಿದ್ದೆ. ಕಣ್ಣು ಸಾಲಿನಿಂದ ಸಾಲಿಗೆ ಇಳಿಯಿತು, ಒಂದು ಕಡೆ ನಿಂತಿತು, ಮತ್ತೆ ಆ ಸಾಲಿನ ಆರಂಭಕ್ಕೆ ಹೋಯಿತು.

"ಪಪ್ಪಾ, ಯೇ ಕಿಸ್ನೇ ಲಗಾಯಾ?"

"ನಾನೇ ಹಾಕಿದ್ದು. ಚೆಂದ ಇಲ್ಲವಾ?"

ಅವಳು ಸ್ಟೂಲಿನ ಮೇಲೆ ಹತ್ತಿ ಹಾಳೆಯನ್ನು ಮೊಳೆಯ ಸಮೇತ ಕಿತ್ತಳು. ನನ್ನ ಮುಂದೆ ಹಿಡಿದಳು. ಅವಳ ಕನ್ನಡ ತಡೆತಡೆದು ಬರುತ್ತಿತ್ತು. "ಸರ್, ಇದು... ಮತ್ಲಬ್, ಎ.ಸಿ. ಓಡೋದು ನೀವು ನೋಡಿದ್ರಾ?"

"ಹೊಗೆ ಬಾಗಿತ್ತು," ಎಂದೆ.

"ಹೊಗೆ?"

"ಊದುಬತ್ತಿಯದು."

ಅವಳು ನನ್ನನ್ನು ನೋಡಿದ ರೀತಿಗೆ ಕುಗ್ಗಿದಷ್ಟು ಯಾವ ಪರೀಕ್ಷಕರ ಮುಂದೆಯೂ ನಾನು ಕುಗ್ಗಿಲ್ಲ. ತುಳುವಿನಲ್ಲಿ ಅಪ್ಪನಿಗೆ ಆ ವಾಕ್ಯದ ಅರ್ಥ ಹೇಳಿದಳು. ನನಗೆ ತುಳು ಬಾರದು. ಕಾಕಾರ ಮುಖದಿಂದ ನಗು ಇಳಿಯುವುದನ್ನು ಕಂಡೆ, ಅದರಿಂದಲೇ ತಿಳಿಯಿತು.

ಆಮೇಲೆ ಅವರು ಹೇಳಿದ್ದನ್ನು ಆದಷ್ಟೂ ಹಾಗೆಯೇ ಬರೆಯುತ್ತೇನೆ.

"ಅವತ್ತು ನೀವು ಮೆಟ್ಟಿಲು ಹತ್ತಿ ಬಂದಾಗ ಶರ್ಟೆಲ್ಲ ಒದ್ದೆ. ಪಾಪ, ಮೇಷ್ಟ್ರು, ಇಷ್ಟು ದೂರದಿಂದ ನಮ್ಮ ವಿಷಯ ಬರೀಲಿಕ್ಕೆ ಬಂದಿದ್ದಾರೆ ಅಂತ ವಯರ್ ಹಾಕಿಸಿದೆ. ನೀವು ಹೋದ ಮೇಲೆ ತೆಗೆಸಿದೆ. ಆ ವರ್ಷ ಓಡಿದ್ದು ಅದೊಂದೇ ಸಲ."

ವರ್ಷದ ಯಾವುದೇ ಒಂದು ಹೊತ್ತಿನಲ್ಲಿ. ನಿಯಮದ ಆ ಮಾತುಗಳು ನನ್ನ ತಲೆಯಲ್ಲಿ ತಾವಾಗಿಯೇ ಓದಿಕೊಂಡವು. ಆ ಒಂದು ಹೊತ್ತು ನಾನೇ. ಅವರ ತಪ್ಪು ನಡೆದದ್ದು ನನ್ನ ಬೆವರಿಗಾಗಿ, ಅದನ್ನು ಬರೆದಿಟ್ಟವನೂ ನಾನೇ.

ಈ ವಿವರಣೆ ಬಹಳ ಅಚ್ಚುಕಟ್ಟಾಗಿದೆ ಎಂಬುದೇ ನನ್ನ ಅನುಮಾನಕ್ಕೆ ಕಾರಣ. ಅದು ನಿಜವಿರಬಹುದು. ನನ್ನ ಬಹುವಚನವೇ ನಿಜವಿದ್ದು, ಸಾಕ್ಷಿದಾರನ ಬಾಯಿ ಮುಚ್ಚಿಸಲು ಕಾಕಾ ಆ ಕ್ಷಣದಲ್ಲಿ ಹೆಣೆದ ಉಪಚಾರದ ಮಾತೂ ಇರಬಹುದು. ಅಥವಾ ಅವರು ಬೇರೆಯೇ ಏನೋ ಹೇಳಿದ್ದು, ನನ್ನನ್ನು ಶಿಕ್ಷಿಸಿಕೊಳ್ಳಲು ನಾನೇ ಈ ರೂಪ ಕೊಟ್ಟಿರಬಹುದು. ಖಚಿತವಾಗಿ ನೆನಪಿರುವುದು ಮಗಳು ಲ್ಯಾಮಿನೇಟಿನ ಅಂಚು ಸೀಳಲು ಹೋದದ್ದು, ಪ್ಲಾಸ್ಟಿಕ್ ಹರಿಯದೆ ಅವಳು ಕಡೆಗೆ ಅಡುಗೆಮನೆಯ ಕತ್ತರಿ ತರಿಸಿದ್ದು.

"ಇದನ್ನು ಬೇರೆ ಯಾರಿಗೆ ಕೊಟ್ಟಿದ್ದೀರಿ?" ಎಂದಳು ಕತ್ತರಿಸುತ್ತ.

ಮೂರನೆಯ ಸಾಲಿನವರ ವಿಷಯ ಹೇಳಿದೆ. ಬಿಳಿ ಶರ್ಟು, ಮುರಿದ ಬಿಸ್ಕತ್ತು, ಮರದ ಮೆಟ್ಟಿಲು, ಜೇಬು. ಅವಳು ಕತ್ತರಿ ಕೆಳಗಿಟ್ಟಳು. ಕಾಕಾ ಮಾತ್ರ ಯೋಚಿಸಿ, "ಬಿಸ್ಕತ್ತು ಮುರಿದು ತಿನ್ನುವವರಾ? ಅಂಥವರೊಬ್ಬರು ಬರ್ತಾರೆ. ಶಿರಾ ತಿಂತಾರೆ. ಒಳ್ಳೆ ಮನುಷ್ಯ," ಎಂದರು. ಮತ್ತೆ ನನ್ನತ್ತ ತಿರುಗಿ ಕೇಳಿದರು: "ಒಳ್ಳೆ ಮನುಷ್ಯ ಅಲ್ಲವಾ ಮೇಷ್ಟ್ರೇ?"

ನಾನು ಬಗ್ಗಿ, ನೆಲಕ್ಕೆ ಬಿದ್ದಿದ್ದ ಲ್ಯಾಮಿನೇಟಿನ ತುಂಡುಗಳನ್ನು ಆರಿಸತೊಡಗಿದೆ.

ಮರುದಿನ, ಅಚ್ಚಿಗೆ ಹೋಗಬೇಕಿದ್ದ ಪ್ರಬಂಧವನ್ನು ಹಿಂತೆಗೆದುಕೊಂಡೆ. ಮೇಡಂ ಕಾರಣ ಕೇಳಿದರು, ಸಾಕ್ಷ್ಯ ಸಾಲದು ಎಂದೆ. ಇಡೀ ಕೆಲಸದಲ್ಲಿ ನಾನು ಹೇಳಿದ ಪೂರ್ತಿ ನಿಜ ಅದೊಂದೇ. ಥೀಸಿಸ್ಸಿನಲ್ಲಿ ಆ ಅಧ್ಯಾಯ ದೇವರಿಲ್ಲದೆ, ಹೊಗೆಯಿಲ್ಲದೆ ಹೋಯಿತು. ಪರೀಕ್ಷಕರು ಅದನ್ನು ಒಣ ಅಧ್ಯಾಯ ಎಂದರು.

ನೋಟೀಸು ಬರಲಿಲ್ಲ. ಬರಲಿಲ್ಲ ಎಂದು ಬರೆಯುವುದಕ್ಕೂ ಬಹಳ ಕಾಲ ಅಂಜಿದೆ. ಇಲಾಖೆಯ ಅವಧಿ ಮುಗಿಯುವ ದಿನಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಲಿಲ್ಲ. ಗುರುತೂ ಒಂದು ಸಾಕ್ಷಿಯೇ. ಈಗ ಇದನ್ನು ಬರೆಯುವಾಗಲೂ ಕೈ ತಾನಾಗಿ ಕೆಲವನ್ನು ಬದಲಿಸಿದೆ. ಗ್ರಾಂಟ್ ರೋಡ್ ಎಂದಿದ್ದೇನೆ, ಬೈಕುಲ್ಲಾ ಇದ್ದೀತು. ಪಟಗಳು ಮೂರು ಎಂದಿದ್ದೇನೆ. ಮೆಟ್ಟಿಲು ಮರದ್ದೇ ಎಂದು ನಾನು ಆಣೆ ಮಾಡಲಾರೆ.

ಮೊನ್ನೆ ಏಪ್ರಿಲಿನಲ್ಲಿ ಹೋಗಿದ್ದೆ. ಕಾಕಾ ನನ್ನನ್ನು ಮೇಲೆ ಕೂರಿಸಿದರು. ಪಟಗಳು ಈಗ ಪಕ್ಕದ ಗೂಡಿನಲ್ಲಿವೆ. ಎ.ಸಿ. ಅಲ್ಲೇ ಇದೆ. ಎ.ಸಿ. ಇದ್ದರೂ ಇಲ್ಲದಿದ್ದರೂ ಅಲ್ಲಿನ ಊಟಕ್ಕೆ ಈಗ ಒಂದೇ ದರ. ನನಗಿಂತ ಚೆನ್ನಾಗಿ ಅದನ್ನು ಬಲ್ಲವರಾರು?

"ಸೆಕೆ ಆಗ್ತದಾ ಮೇಷ್ಟ್ರೇ?" ಎಂದು ಕಾಕಾ ಸ್ವಿಚ್ಚಿನ ಕಡೆ ಕೈ ಚಾಚಿದರು.

ಪಕ್ಕದ ಮೇಜಿನಲ್ಲಿ ಯಾರೋ ಬೆನ್ನು ತಿರುಗಿಸಿ ಕೂತು ಶಿರಾ ತಿನ್ನುತ್ತಿದ್ದರು. ಬಿಳಿ ಶರ್ಟು. ಮುಂಬಯಿಯಲ್ಲಿ ಅರ್ಧ ಜನ ಬಿಳಿ ಶರ್ಟೇ ಹಾಕುತ್ತಾರೆ.

"ಇಲ್ಲ ಕಾಕಾ, ಬೇಡ. ಏನೂ ಸೆಕೆಯಿಲ್ಲ," ಎಂದೆ. ಬೆವರು ಕಿವಿಯ ಹಿಂದಿನಿಂದ ಇಳಿದು ಕಾಲರಿನೊಳಗೆ ಹೋಗುತ್ತಿತ್ತು.