ನೀಲಿಗೆ ಅದ್ದದ ಜರಡಿ

ಬೆಳಗಿನ ಆರು ಗಂಟೆ. ಪ್ರಯೋಗಾಲಯದ ನೆಲಮಾಳಿಗೆಯಲ್ಲಿ ಜರಡಿಯಕ್ಕ ಕಲ್ಲು ಪುಡಿ ಮಾಡುತ್ತಿದ್ದಾರೆ. ಇಲ್ಲಿಯವರೆಲ್ಲ ಅವರನ್ನು ಕರೆಯುವುದೇ ಹಾಗೆ. ಪುಡಿಯನ್ನು ಜರಡಿ ಹಿಡಿದು, ಸೂಕ್ಷ್ಮದರ್ಶಕದಡಿ ಸೂಜಿಯಿಂದ ಜಿರ್ಕಾನ್ ಹರಳುಗಳನ್ನು ಹೆಕ್ಕುವ ಈ ಕೆಲಸಕ್ಕೆ ಇಪ್ಪತ್ತೆರಡು ವರ್ಷವಾಯಿತು. ಇಪ್ಪತ್ತು ಕಿಲೋ ಅಗ್ನಿಶಿಲೆಯಲ್ಲಿ ಎಂಬತ್ತು ಹರಳು ಸಿಕ್ಕರೆ ಅದೃಷ್ಟ. ಹರಳಿನೊಳಗೆ ಯುರೇನಿಯಂ ನಿಧಾನವಾಗಿ ಸೀಸವಾಗುತ್ತದೆ. ಅದನ್ನು ಅಳೆದರೆ ಬಂಡೆಯ ವಯಸ್ಸು ಸಿಗುತ್ತದೆ.

“ನಿಂಗೆ ಕೋಟಿ ವರ್ಷದ ಕಲ್ಲೆಲ್ಲ ನೆನಪಿರುತ್ತೆ, ನಾನು ಹುಟ್ಟಿದ ದಿನ ಮಾತ್ರ ನೆನಪಿರಲ್ಲ” ಎಂದು ಗಂಡ ಕಾಲೆಳೆಯುತ್ತಾರಂತೆ. ಇದನ್ನು ಹೇಳುವಾಗಲೂ ಅಕ್ಕ ತಲೆ ಎತ್ತುವುದಿಲ್ಲ. “ಕೆಲಸ ನೋಡೋಕೆ ಬಂದ್ರಾ, ನಾನು ಮಾಡಿದ ಎಡವಟ್ಟು ಕೇಳೋಕೆ ಬಂದ್ರಾ?”

ಇಲ್ಲೊಂದು ಕ್ರಮವಿದೆ. ಒಂದು ಬಂಡೆ ಮುಗಿದ ಮೇಲೆ ಜರಡಿಯನ್ನು ತೊಳೆದು ನೀಲಿ ಬಣ್ಣದ ನೀರಿನಲ್ಲಿ ಅದ್ದಬೇಕು. ಬಲೆಗೆ ಸಿಕ್ಕಿಕೊಂಡ ಕಣಗಳು ನೀಲಿಯಾಗುತ್ತವೆ. ಮುಂದಿನ ಬಂಡೆಯ ಪುಡಿಗೆ ಉದುರಿದರೂ ಗುರುತು ಸಿಗುತ್ತದೆ. ಕೈಗವಸು ಹಾಕಿದರೂ ಬೆರಳಿಗೆ ಎರಡು ದಿನ ಬಣ್ಣ ಹೋಗುವುದಿಲ್ಲ. ಹೋದ ವರ್ಷ ಒಂದು ಸಂಜೆ ಮೈದುನನ ನಿಶ್ಚಿತಾರ್ಥವಿತ್ತು. “ಓರಗಿತ್ತಿ ಎಲ್ಲರೆದುರು ನನ್ನ ಕೈ ನೋಡಿ ಆಡ್ಕೊಳ್ತಾಳೆ. ಒಂದಿನ ತಾನೇ ಅಂತ ಬರೀ ನೀರಲ್ಲಿ ತೊಳೆದು ಹೋಗ್ಬಿಟ್ಟೆ.”

ಮರುದಿನದ ಬಂಡೆ ಇನ್ನೂರೈವತ್ತು ಕೋಟಿ ವರ್ಷದ್ದು. ಅದರಲ್ಲಿ ಒಂದೇ ಒಂದು ಹರಳು ಮುನ್ನೂರೆಪ್ಪತ್ತು ಕೋಟಿ ತೋರಿಸಿತು. ಆ ನೆಲದಡಿ ಇನ್ನೂ ಹಳೆಯ ಭೂಖಂಡವೊಂದು ಕರಗಿ ಈ ಬಂಡೆಯಾಗಿದೆ ಎಂದು ಪ್ರಯೋಗಾಲಯದ ಮುಖ್ಯಸ್ಥೆ, ಅಕ್ಕನ ಬಾಯಲ್ಲಿ ‘ಮೇಡಂ’, ಪ್ರಬಂಧ ಬರೆದರು. ನಮ್ಮ ಪತ್ರಿಕೆಯಲ್ಲಿ ಅದನ್ನು ದೊಡ್ಡ ಸುದ್ದಿ ಮಾಡಿದವನು ನಾನೇ. ಕಲ್ಲು ಪುಡಿ ಮಾಡಿದವರು ಯಾರೆಂದು ಕೇಳುವ ಬುದ್ಧಿ ನನಗೆ ಬಂದಿರಲಿಲ್ಲ. ಇವತ್ತು ಅವರೆದುರು ಕೂರಲು ನಾಚಿಕೆಯಾಗುತ್ತದೆ.

ಹಿಂದಿನ ದಿನ ಪುಡಿ ಮಾಡಿದ ಬಂಡೆಯ ವಯಸ್ಸೂ ಮುನ್ನೂರೆಪ್ಪತ್ತು ಕೋಟಿ ಎಂದು ಆಮೇಲೆ ತಿಳಿದಾಗ ಆ ಹಳೆಯ ಹರಳು ಅಂದು ನೀಲಿಗೆ ಅದ್ದದ ಜರಡಿಯಿಂದಲೇ ಉದುರಿರಬಹುದೆಂದು ಅಕ್ಕನಿಗೆ ಹೊಳೆಯಿತು. “ಹದಿನೇಳು ದಿನ ಬಾಯಿ ಬಿಡ್ಲಿಲ್ಲ. ತಪ್ಪು ಯಾರಾದ್ರೂ ಮಾಡ್ತಾರೆ. ಆದ್ರೆ ಅಷ್ಟೂ ದಿನ ಮೇಡಂ ಎದುರು ಕೂತು ಟೀ ಕುಡಿದೆನಲ್ಲ, ಅದು ನೆನೆದ್ರೆ ಈಗ್ಲೂ ಮುಖ ಮುಚ್ಕೋಬೇಕು ಅನ್ಸುತ್ತೆ.”

ಕೊನೆಗೆ ಅಕ್ಕನೇ ಮೇಡಂಗೆ ಹೇಳಿದರು. ಮೇಡಂ ಪ್ರಬಂಧ ವಾಪಸ್ ಪಡೆದು, ತಪ್ಪು ತಮ್ಮದೇ ಎಂದು ಬರೆದರು. “ನನ್ನನ್ನ ಬೈದಿದ್ರೆ ಹಗುರ ಆಗ್ತಿತ್ತು.”

ಆ ಬಂಡೆಯ ಉಳಿದ ತುಂಡು ಮೇಡಂ ಕಪಾಟಿನಲ್ಲಿದೆ. ಅದರಲ್ಲಿ ಹಳೆಯ ಹರಳು ನಿಜಕ್ಕೂ ಇದ್ದರೂ ಇರಬಹುದು. ಮತ್ತೆ ಪುಡಿ ಮಾಡಿ ನೋಡಬೇಕು. ಯಾರ ಕೈಗೆ ಕೊಡುವುದೆಂದು ಅವರು ಇನ್ನೂ ಹೇಳಿಲ್ಲ.

“ನನಗೇ ಕೊಡ್ಲಿ ಅಂತ ಆಸೆ. ಕೇಳೋಕೆ ಬಾಯಿ ಬರ್ತಿಲ್ಲ,” ಎನ್ನುತ್ತಾರೆ ಅಕ್ಕ. “ಬೇಕಾದ್ರೆ ಯಾರಾದ್ರೂ ಪಕ್ಕದಲ್ಲೇ ನಿಂತು ನಾನು ಮಾಡೋದನ್ನ ನೋಡ್ತಿರ್ಲಿ. ಇಷ್ಟು ಮಾತ್ರ ತಪ್ಪದೆ ಬರೀರಿ. ಮೇಡಂ ಭಾನುವಾರದ ಪೇಪರ್ ಓದ್ತಾರೆ.”